377 ಹೋದ್ರೂ ಮದ್ವೆ ರಿಜಿಸ್ಟರ್ ಯಾಕಾಗಲ್ಲ
ಸಲಿಂಗ ಸಂಬಂಧನ ಅಪರಾಧ ಅಂತಿದ್ದ ಐಪಿಸಿ ಸೆಕ್ಷನ್ 377 ತೆಗೆದಾಯ್ತಲ್ಲ, ಮತ್ತೆ ಸ್ಪೆಷಲ್ ಮ್ಯಾರೇಜ್ ಆಕ್ಟ್ (ಧರ್ಮ ನೋಡದೆ ಮದ್ವೆ ರಿಜಿಸ್ಟರ್ ಮಾಡೋ ಕಾಯ್ದೆ) ಅಡಿ ನಮ್ಮಿಬ್ರ ಮದ್ವೆ ಯಾಕೆ ರಿಜಿಸ್ಟರ್ ಮಾಡಲ್ಲ ಅಂತ ಕೇಳಿದ್ರಲ್ಲ, ಎಲ್ರೂ ಎಡವೋದು ಅಲ್ಲೇ. 2018ರ ಸುಪ್ರೀಂ ಕೋರ್ಟ್ ತೀರ್ಪು ಹೇಳಿದ್ದು ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಅಷ್ಟೇ. 2023 ಅಕ್ಟೋಬರ್ 17ಕ್ಕೆ ಸಲಿಂಗ ಮದ್ವೆಗೆ ಮಾನ್ಯತೆ ಕೇಳಿದ್ದ ಸುಪ್ರಿಯೋ ಕೇಸಲ್ಲಿ ಐದೂ ಜಡ್ಜ್‌ಗಳು ಮದ್ವೆ ಮೂಲಭೂತ ಹಕ್ಕಲ್ಲ, ಕಾಯ್ದೆ ಬದಲಾಯಿಸೋದು ಪಾರ್ಲಿಮೆಂಟ್ ಕೆಲ್ಸ ಅಂದ್ಬಿಟ್ರು, ಸಿವಿಲ್ ಯೂನಿಯನ್ (ಮದ್ವೆ ಅನ್ನದೆ ಜೋಡಿಗೆ ಕಾನೂನಿನ ಮಾನ್ಯತೆ) ವಿಷ್ಯದಲ್ಲಿ ಮಾತ್ರ ಒಡಕು ಬಂತು, ಅದೂ 3-2ರಲ್ಲಿ ಬಿದ್ದೋಯ್ತು (ಆಗಿನ ಚೀಫ್ ಜಸ್ಟಿಸ್ ಚಂದ್ರಚೂಡ್ ಅವ್ರೇ ಮೈನಾರಿಟೀಲಿ, ನೋಡಿ!). 2025 ಜನವರೀಲಿ ರಿವ್ಯೂ ಅರ್ಜಿನೂ ವಜಾ. ಸದ್ಯಕ್ಕೆ ಜಾಯಿಂಟ್ ಅಕೌಂಟ್ ತೆಗೀರಿ, ಒಬ್ರಿಗೊಬ್ರು ನಾಮಿನಿ ಆಗಿ, ಅದಕ್ಕೆ ತಡೆ ಇಲ್ಲ ಅಂತ 2024ರಲ್ಲಿ ಕೇಂದ್ರ ಹಣಕಾಸು ಇಲಾಖೆನೇ ಹೇಳಿದೆ. ಆದ್ರೆ ನಾಮಿನಿ ಅಂದ್ರೆ ವಾರಸುದಾರ ಅಲ್ಲ, ವಿಲ್ ಬೇರೆ ಬರೆಸ್ಲೇಬೇಕು.