ರೋಮಿಯೋ ಜೂಲಿಯೆಟ್ ದುರಂತ ನಾಟಕ ತಾನೇ, ಮತ್ತೆ ಅರ್ಧ ನಾಟಕ ತಮಾಷೆ ಯಾಕೆ?

ದುರಂತ ಅಂತ ಹೆಸರಾದ ನಾಟಕದಲ್ಲಿ ಅರ್ಧದವರೆಗೂ ಪೋಲಿ ಜೋಕು, ಕುಣಿತ, ಆಳುಗಳ ಗಲಾಟೆ. ಜನರನ್ನು ನಗಿಸೋಕೆ ಶೇಕ್ಸ್‌ಪಿಯರ್ ಸುಮ್ನೆ ತುರುಕಿದ್ದಾನಾ, ಅದನ್ನೆಲ್ಲ ತೆಗೆದರೆ ಏನು ನಷ್ಟ, ಅಂತ ಕೇಳಿದ್ದೀರಿ. ನಾನು ಇಂಗ್ಲಿಷ್ ಮೇಷ್ಟ್ರಲ್ಲ. ಒಂದು ಹವ್ಯಾಸಿ ತಂಡ ಈ ನಾಟಕವನ್ನು ಕನ್ನಡದಲ್ಲಿ ಆಡಿದಾಗ ಪ್ರಾಂಪ್ಟರ್ ಆಗಿದ್ದೆ. ಎರಡು ತಿಂಗಳು ಸೈಡ್‌ವಿಂಗ್‌ನಲ್ಲಿ ಸ್ಟೂಲ್ ಮೇಲೆ ಕೂತು, ಯಾರು ಎಲ್ಲಿ ಮಾತು ಮರೆಯುತ್ತಾರೆ ಅಂತ ಕಾಯೋದೇ ನನ್ನ ಕೆಲಸ. ತೆಗೆದರೆ ಏನಾಗುತ್ತೆ ಅಂತ ನನಗೆ ಗೊತ್ತು, ಯಾಕೆಂದರೆ ನಾವು ತೆಗೆದು ನೋಡಿದೆವು.

ಮೊದಲು ದಾದಿಯ ಎರಡು ದೃಶ್ಯ ನೋಡಿ. ಎರಡನೇ ಅಂಕದಲ್ಲಿ ಜೂಲಿಯೆಟ್ ತನ್ನ ದಾದಿಯನ್ನು ಬೆಳಿಗ್ಗೆ ಒಂಬತ್ತಕ್ಕೆ ರೋಮಿಯೋ ಹತ್ತಿರ ಕಳಿಸಿದ್ದಾಳೆ. ಅರ್ಧ ಗಂಟೆಯಲ್ಲಿ ಬರ್ತೀನಿ ಅಂದವಳು ಹನ್ನೆರಡಾದರೂ ಪತ್ತೆ ಇಲ್ಲ. ಕೊನೆಗೆ ಬರುತ್ತಾಳೆ, ಬಂದು ಏನು ಹೇಳುತ್ತಾಳೆ? ಅಯ್ಯೋ ನನ್ನ ಮೂಳೆ, ಅಯ್ಯೋ ನನ್ನ ತಲೆ, ಸ್ವಲ್ಪ ಉಸಿರು ಬಿಡೋಕೆ ಬಿಡಮ್ಮ, ಊಟ ಆಯ್ತಾ, ನಿಮ್ಮಮ್ಮ ಎಲ್ಲಿ? ರೋಮಿಯೋ ಏನಂದ ಅನ್ನೋದೊಂದು ಬಿಟ್ಟು ಮಿಕ್ಕೆಲ್ಲ. ಹುಡುಗಿ ಒದ್ದಾಡುತ್ತಾಳೆ, ಜನ ಬಿದ್ದು ಬಿದ್ದು ನಗುತ್ತಾರೆ. ಕೊನೆಗೆ ಸುದ್ದಿ ಬರುತ್ತೆ: ಪಾದ್ರಿ ಲಾರೆನ್ಸ್ ಹತ್ತಿರ ಹೋಗು, ಇವತ್ತೇ ಮದುವೆ.

ಮೂರನೇ ಅಂಕದಲ್ಲಿ ಅದೇ ಹುಡುಗಿ, ಅದೇ ಕಾಯುವಿಕೆ, ಅದೇ ದಾದಿ. ಕೈಯಲ್ಲಿ ರೋಮಿಯೋ ರಾತ್ರಿ ಹತ್ತಿ ಬರಬೇಕಾದ ಹಗ್ಗದ ಏಣಿ. ‘ಸತ್ತ, ಸತ್ತ, ಸತ್ತೇ ಹೋದ’ ಅಂತ ಕೈ ಹಿಸುಕಿಕೊಳ್ಳುತ್ತಾಳೆ. ಯಾರು ಅಂತ ಹೇಳಲ್ಲ. ಗಾಯ ನನ್ನ ಕಣ್ಣಾರೆ ಕಂಡೆ ಅನ್ನುತ್ತಾಳೆ, ರಕ್ತ ಅನ್ನುತ್ತಾಳೆ, ಆಗಲೂ ಹೆಸರು ಹೇಳಲ್ಲ. ಜೂಲಿಯೆಟ್ ಗಂಡನೇ ಹೋದ ಅಂದುಕೊಳ್ಳುತ್ತಾಳೆ, ಆಮೇಲೆ ಸೋದರಸಂಬಂಧಿ ಟಿಬಾಲ್ಟ್ ಹೆಸರು ಕೇಳಿ ಇಬ್ಬರೂ ಹೋದರಾ ಅಂತ ಕೇಳುತ್ತಾಳೆ. ಸತ್ತವನು ಟಿಬಾಲ್ಟ್, ಕೊಂದವನು ರೋಮಿಯೋ, ಅವನಿಗೆ ಈಗ ಗಡೀಪಾರು. ನೋಡಿ, ಲೆಕ್ಕಾಚಾರ ಒಂದೇ. ಸುದ್ದಿ ಗೊತ್ತಿರೋ ಮುದುಕಿ, ಸುದ್ದಿಗೆ ಕಾಯೋ ಹುಡುಗಿ, ನಡುವೆ ಅಡ್ಡ ಮಾತು. ಮೊದಲ ಸಲ ನಗಿಸಿದ ಯಂತ್ರವನ್ನೇ ಶೇಕ್ಸ್‌ಪಿಯರ್ ಎರಡನೇ ಸಲ ಕತ್ತು ಹಿಸುಕೋಕೆ ಬಳಸಿದ್ದಾನೆ.

ನಮ್ಮ ಮೊದಲ ಪ್ರದರ್ಶನದಲ್ಲಿ ದಾದಿ ‘ಸತ್ತ’ ಅಂತ ಬಂದಾಗ ಜನ ನಕ್ಕರು. ಜೋರಾಗಿಯೇ ನಕ್ಕರು, ಯಾಕೆಂದರೆ ಆ ಹೊತ್ತಿಗೆ ಅವಳು ಬಂದರೆ ನಗಬೇಕು ಅಂತ ಅಭ್ಯಾಸ ಆಗಿತ್ತು. ಮೂರು ನಾಲ್ಕು ಮಾತಾದ ಮೇಲೆ ನಗು ಒಂದೊಂದು ಸಾಲಿನಲ್ಲೇ ಆರುತ್ತಾ ಬಂತು. ಕೊನೆಗೆ ಯಾರೋ ಒಬ್ಬರು ಮಾತ್ರ ನಕ್ಕು, ತಾವೊಬ್ಬರೇ ಅಂತ ಗೊತ್ತಾಗಿ ಗಪ್ಪನೆ ನಿಲ್ಲಿಸಿದರು. ನನ್ನ ಮೈ ಜುಂ ಅಂದಿತ್ತು. ನಿರ್ದೇಶಕರಿಗೆ ಸಿಟ್ಟು ಬಂತು. ಜನ ತಪ್ಪು ಜಾಗದಲ್ಲಿ ನಗುತ್ತಾರೆ, ನಾಟಕವೂ ಉದ್ದ ಆಯಿತು ಅಂತ ಮುಂದಿನ ಪ್ರದರ್ಶನಕ್ಕೆ ಮೂಳೆ ನೋವಿನ ದೃಶ್ಯವನ್ನೇ ಕತ್ತರಿಸಿದರು. ಅವತ್ತು ಯಾರೂ ನಗಲಿಲ್ಲ. ದಾದಿ ಚೀರಿದಳು, ಜೂಲಿಯೆಟ್ ಅತ್ತಳು, ಹಿಂದಿನ ಸಾಲಿನಲ್ಲಿ ಮೊಬೈಲ್ ಬೆಳಕು ಕಾಣೋಕೆ ಶುರುವಾಯಿತು.

ನಮಗೆ ಇದು ಅರ್ಥ ಆಗೋದು ಕಷ್ಟ ಯಾಕೆಂದರೆ ಕಂಪನಿ ನಾಟಕ ನೋಡಿ ಬೆಳೆದವರಿಗೆ ಹಾಸ್ಯ ಅಂದ್ರೆ ಬೇರೆಯೇ ಟ್ರ್ಯಾಕ್, ಅಲ್ವಾ? ಹಿಂದೆ ಸೀನು ಬದಲಾಯಿಸುವಾಗ ಮುಂದಿನ ಪರದೆಯ ಎದುರು ಹಾಸ್ಯಗಾರ ಬಂದು ಹೋಗುತ್ತಾನೆ, ಅವನ ಕಥೆ ತೆಗೆದರೂ ರಾಜನ ಕಥೆ ನಡೆಯುತ್ತೆ. (ಅದರದ್ದೇ ಒಂದು ಸೊಗಸಿದೆ, ನಾನು ಅದರ ಅಭಿಮಾನಿ.) ಇಲ್ಲಿ ಹಾಗೆ ಬಿಡಿಸೋಕೆ ಬರಲ್ಲ. ಕ್ಯಾಪುಲೆಟ್ ಅಂದ್ರೆ ಜೂಲಿಯೆಟ್ ಅಪ್ಪ, ಅವನ ಮನೆ ಆಳಿಗೆ ಓದೋಕೆ ಬರಲ್ಲ, ಊಟಕ್ಕೆ ಕರೆಯಬೇಕಾದವರ ಪಟ್ಟಿ ಹಿಡಿದು ದಾರಿಯಲ್ಲಿ ಸಿಕ್ಕವನನ್ನು ‘ಸ್ವಾಮೀ, ಸ್ವಲ್ಪ ಓದಿ ಹೇಳಿ’ ಅನ್ನುತ್ತಾನೆ. ಸಿಕ್ಕವನು ಶತ್ರುವಿನ ಮಗ ರೋಮಿಯೋ. ಅಪ್ಪಟ ಜೋಕು. ಆದರೆ ಆ ಜೋಕಿಲ್ಲದೆ ರೋಮಿಯೋ ಆ ಔತಣಕ್ಕೆ ಹೋಗುತ್ತಲೇ ಇರಲಿಲ್ಲ. ತಲುಪದ ಕಾಗದ, ಕದ್ದು ಮದುವೆ, ಸತ್ತಂತೆ ನಟನೆ, ಹಟ ಹಿಡಿದ ಅಪ್ಪ, ಇವೆಲ್ಲ ಹಾಸ್ಯ ನಾಟಕದ ಸಾಮಾನುಗಳೇ. ಜೂಲಿಯೆಟ್ ನಿಜವಾಗಿ ಸತ್ತಿಲ್ಲ ಅಂತ ರೋಮಿಯೋಗೆ ತಿಳಿಸಬೇಕಾದ ಆ ಕಾಗದ ತಲುಪದೇ ಇದ್ದದ್ದು ಯಾಕೆ ಅಂದ್ರೆ ಅದನ್ನು ಒಯ್ಯಬೇಕಾದ ಇನ್ನೊಬ್ಬ ಪಾದ್ರಿಯನ್ನು ಪ್ಲೇಗ್ ಶಂಕೆಯಿಂದ ಮನೆಯೊಂದರಲ್ಲಿ ಕೂಡಿಹಾಕಿದ್ದರು.

ವೇಗವೂ ಹಾಸ್ಯದ್ದೇ. ಶೇಕ್ಸ್‌ಪಿಯರ್ ಈ ಕಥೆ ಎತ್ತಿಕೊಂಡದ್ದು ಆರ್ಥರ್ ಬ್ರೂಕ್ ಅನ್ನುವವನು 1562ರಲ್ಲಿ ಅಚ್ಚು ಮಾಡಿಸಿದ ಉದ್ದನೆಯ ಪದ್ಯದಿಂದ. ಅಲ್ಲಿ ಕಥೆ ತಿಂಗಳುಗಟ್ಟಲೆ ನಡೆಯುತ್ತೆ. ಇವನು ಭಾನುವಾರ ಬೆಳಿಗ್ಗೆ ಶುರು ಮಾಡಿ ಗುರುವಾರ ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿಸುತ್ತಾನೆ. ಅದೇ ಪದ್ಯದಲ್ಲಿ ಮರ್ಕ್ಯೂಶಿಯೋ ಅಂದ್ರೆ ಔತಣದಲ್ಲಿ ಕೈ ತಣ್ಣಗಿದ್ದ ಒಬ್ಬ ಆಸಾಮಿ, ಅಷ್ಟೇ. ನಾಟಕದಲ್ಲಿ ಅವನು ರೋಮಿಯೋನ ಗೆಳೆಯ, ಅವನೇ ಎಲ್ಲರಿಗಿಂತ ಜಾಸ್ತಿ ನಗಿಸುವವನು, ಮತ್ತು ಮೊದಲು ಸಾಯುವವನು. ಸಾಯುವಾಗಲೂ ಬಿಡಲ್ಲ: ಗಾಯ ಬಾವಿಯಷ್ಟು ಆಳ ಇಲ್ಲ, ಚರ್ಚಿನ ಬಾಗಿಲಷ್ಟು ಅಗಲ ಇಲ್ಲ, ಆದರೂ ಸಾಕು ಅನ್ನುತ್ತಾನೆ. ನಾಳೆ ಬಂದು ಕೇಳಿ, ‘ಗ್ರೇವ್’ ಮನುಷ್ಯ ಆಗಿರ್ತೀನಿ ಅಂತಾನೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಗಂಭೀರ ಅಂತಲೂ ಗೋರಿ ಅಂತಲೂ ಅರ್ಥ. ನಮ್ಮವರು ‘ನಾಳೆ ಬಂದು ನೋಡಿ, ಅಪ್ಪಟ ಮಣ್ಣಿನ ಮಗ ಆಗಿರ್ತೀನಿ’ ಅಂತ ಮಾಡಿಕೊಂಡರು. ಮೂಲಕ್ಕೆ ನಿಷ್ಠೆ ಇಲ್ಲ ಅಂತ ಜಗಳ ಆಯಿತು, ನನಗಂತೂ ಇಷ್ಟ ಆಯಿತು.

ಕಥೆ ಸ್ವಲ್ಪ ವಾಲಿದರೆ ಸುಖಾಂತ ಆಗಿಬಿಡುತ್ತೆ ಅನ್ನೋದಕ್ಕೆ ಸಾಕ್ಷಿಯೂ ಇದೆ. ಹದಿನೇಳನೇ ಶತಮಾನದಲ್ಲಿ ಜೇಮ್ಸ್ ಹೊವರ್ಡ್ ಅನ್ನುವವನು ಪ್ರೇಮಿಗಳು ಬದುಕಿ ಉಳಿಯುವ ಹಾಗೆ ಇದನ್ನು ತಿದ್ದಿದ. ಲಂಡನ್‌ನಲ್ಲಿ ಒಂದು ದಿನ ದುರಂತ, ಇನ್ನೊಂದು ದಿನ ಸುಖಾಂತ ಅಂತ ಸರದಿ ಮೇಲೆ ಆಡುತ್ತಿದ್ದರಂತೆ. ಇದನ್ನು 1708ರಲ್ಲಿ ಬರೆದಿಟ್ಟವನು ಜಾನ್ ಡೌನ್ಸ್, ಅವನೂ ಪ್ರಾಂಪ್ಟರ್! ನಮ್ಮಲ್ಲೂ ಹತ್ತೊಂಬತ್ತನೇ ಶತಮಾನದ ಕೊನೆಗೆ ಇದು ‘ರಾಮವರ್ಮ ಲೀಲಾವತಿ’ ಆಗಿ ಬಂದಾಗ ಪ್ರೇಮಿಗಳನ್ನು ಸಾಯೋಕೆ ಬಿಡಲಿಲ್ಲ.

ಹಾಗಂತ ಎಲ್ಲ ಜೋಕೂ ಒಂದೇ ತೂಕದ್ದಲ್ಲ. ಶುರುವಿನಲ್ಲಿ ಆಳುಗಳು ಆಡುವ ಪದಚೇಷ್ಟೆ ಕತ್ತರಿಸಿದರೆ ನಾನೇನೂ ಅಳಲ್ಲ.

ಆದರೆ ನಾಲ್ಕನೇ ಅಂಕದ ಅಡುಗೆಮನೆ ಮುಟ್ಟಬೇಡಿ. ಬೆಳಗಿನ ಜಾವ ಮೂರು ಗಂಟೆ. ಜೂಲಿಯೆಟ್‌ನ ಗುಟ್ಟಿನ ಮದುವೆ ಗೊತ್ತಿಲ್ಲದ ಅಪ್ಪ ಪ್ಯಾರಿಸ್ ಅನ್ನುವವನ ಜೊತೆ ಹಟದಿಂದ ಗೊತ್ತುಮಾಡಿದ ಮದುವೆಯ ಮನೆ. ಖರ್ಜೂರ ಸಾಲದು ಅಂತ ಕೂಗು, ಸೌದೆ ಎಲ್ಲಿ ಅಂತ ಕೂಗು, ಅಪ್ಪ ನಿದ್ದೆಗೆಟ್ಟು ಹೆಂಗಸರ ಕೆಲಸಕ್ಕೆಲ್ಲ ಮೂಗು ತೂರಿಸಿ ದಾದಿಯ ಹತ್ತಿರ ಬೈಸಿಕೊಳ್ಳುತ್ತಿದ್ದಾನೆ. ಮೇಲೆ ಕೋಣೆಯಲ್ಲಿ ಮಗಳು ಆ ಮದುವೆ ತಪ್ಪಿಸಿಕೊಳ್ಳೋಕೆ ಔಷಧಿ ಕುಡಿದು ಹೆಣದ ಹಾಗೆ ಬಿದ್ದಿದ್ದಾಳೆ. ದಾದಿ ಎಬ್ಬಿಸೋಕೆ ಹೋಗಿ, ಈಗಲೇ ನಿದ್ದೆ ಮಾಡಿಬಿಡು, ನಾಳೆ ರಾತ್ರಿ ಗಂಡ ಮಲಗೋಕೆ ಬಿಡಲ್ಲ ಅಂತ ಪೋಲಿ ಮಾತಾಡುತ್ತಲೇ ಹಾಸಿಗೆಯ ಪರದೆ ಸರಿಸುತ್ತಾಳೆ. ಆಮೇಲೆ ಗೋಳು. ಸತ್ತಿಲ್ಲ ಅಂತ ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಅಳೋದೋ ನಗೋದೋ ತಿಳಿಯದೆ ಕೂತಿರುತ್ತೇವೆ.

ಅಷ್ಟರಲ್ಲಿ ಮದುವೆಗೆ ಬಂದ ವಾದ್ಯದವರು ಉಳಿದುಬಿಡುತ್ತಾರೆ. ಪೀಟರ್ ಅನ್ನೋ ಆಳು ಬಂದು ಅವರ ಹತ್ತಿರ ಹಾಡು ಕೇಳಿ ಜಗಳ ಆಡುತ್ತಾನೆ. 1599ರ ಮುದ್ರಣದಲ್ಲಿ ಇಲ್ಲಿ ಪೀಟರ್ ಬದಲು ವಿಲ್ ಕೆಂಪ್ ಅಂತಲೇ ಅಚ್ಚಾಗಿದೆ, ಆ ಕಾಲದ ದೊಡ್ಡ ಹಾಸ್ಯನಟ. ಸಾವಿನ ಮನೆಗೆ ಶೇಕ್ಸ್‌ಪಿಯರ್ ಬೇಕಂತಲೇ ಅವನನ್ನು ನುಗ್ಗಿಸಿದ್ದಾನೆ. ಅವನು ಹೋದ ಮೇಲೆ ವಾದ್ಯದವರಲ್ಲಿ ಒಬ್ಬ ಹೇಳುತ್ತಾನೆ: ಬನ್ನಿ, ಒಳಗೆ ಹೋಗೋಣ, ದುಃಖದವರು ಬರೋವರೆಗೂ ಕಾದು ಊಟ ಮಾಡಿಕೊಂಡೇ ಹೋಗೋಣ.

ನಮ್ಮ ಎರಡೂ ಪ್ರದರ್ಶನದಲ್ಲಿ ಈ ದೃಶ್ಯ ಇರಲಿಲ್ಲ. ಹದಿಮೂರರ ಹುಡುಗಿಯ ಹೆಣದ ಮುಂದೆ ಊಟದ ಮಾತು ಚೆನ್ನಾಗಿರಲ್ಲ ಅಂದರು ನಿರ್ದೇಶಕರು. ಅದನ್ನು ಹೇಳಿದ್ದು ಅವರ ಸೋದರತ್ತೆಯ ತಿಥಿ ಮುಗಿಸಿಕೊಂಡು ಬಂದ ಸಂಜೆ, ವಡೆ ಗಟ್ಟಿಯಾಗಿತ್ತು ಅಂತ ಅಡುಗೆಯವರನ್ನು ಬೈಯುತ್ತಾ.