ಇನ್‌ಸ್ಟ್ರಕ್ಷನಲ್ ಡಿಸೈನ್ ಕಲಿಯಬೇಕು, ಯಾವ ಪುಸ್ತಕ ಕೊಳ್ಳಲಿ?

ಪ್ರಶ್ನೆ: ನಾನು ಖಾಸಗಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಬಿ.ಎಸ್ಸಿ, ಬಿ.ಎಡ್ ಆಗಿದೆ. ಬೆಂಗಳೂರಿನ ಇ-ಲರ್ನಿಂಗ್ ಕಂಪನಿಗಳಲ್ಲಿ ಇನ್‌ಸ್ಟ್ರಕ್ಷನಲ್ ಡಿಸೈನರ್ (ಕೋರ್ಸು, ಪಾಠಗಳನ್ನು ಯೋಜಿಸಿ ರೂಪಿಸುವವರು) ಕೆಲಸಕ್ಕೆ ಪ್ರಯತ್ನಿಸಬೇಕೆಂದಿದ್ದೇನೆ. ಗೆಳತಿಯೊಬ್ಬಳು ದೊಡ್ಡ ಪುಸ್ತಕಪಟ್ಟಿ ಕಳಿಸಿದ್ದಾಳೆ. ಎಲ್ಲವೂ ದುಬಾರಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು, ದಪ್ಪ ಇಂಗ್ಲಿಷ್ ಪುಸ್ತಕ ಅಂದರೆ ಸ್ವಲ್ಪ ಭಯ. ಒಂದೇ ಪುಸ್ತಕ ಕೊಳ್ಳುವುದಾದರೆ ಯಾವುದು?
– ಶಿಕ್ಷಕಿ, ಧಾರವಾಡ ಜಿಲ್ಲೆ

ಉತ್ತರ: ಒಂದೇ ಅಂದರೆ ವಾಲ್ಟರ್ ಡಿಕ್, ಲೂ ಕ್ಯಾರಿ ಮತ್ತು ಜೇಮ್ಸ್ ಕ್ಯಾರಿ ಬರೆದ ‘ದಿ ಸಿಸ್ಟಮ್ಯಾಟಿಕ್ ಡಿಸೈನ್ ಆಫ್ ಇನ್‌ಸ್ಟ್ರಕ್ಷನ್’ ತಗೊಳ್ಳಿ. ಹೊಸ ಆವೃತ್ತಿಯೇ ಆಗಬೇಕೆಂದಿಲ್ಲ. ಈ ಪುಸ್ತಕ ಮೊದಲು ಬಂದದ್ದು 1978ರಲ್ಲಿ. ಆಮೇಲೆ ಹಲವು ಸಲ ಪರಿಷ್ಕರಣೆ ಆಗಿದೆ, ಆದರೆ ಒಳಗಿನ ಕ್ರಮ ಹೆಚ್ಚುಕಡಿಮೆ ಹಾಗೇ ಉಳಿದಿದೆ. ಹಳೆಯ ಆವೃತ್ತಿಯ ಸೆಕೆಂಡ್ ಹ್ಯಾಂಡ್ ಪ್ರತಿ ಸಿಕ್ಕರೆ ಧೈರ್ಯವಾಗಿ ಕೊಳ್ಳಿ. ಬೆಂಗಳೂರಿಗೆ ಬಂದಾಗ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಲ್ಲಿ ಒಮ್ಮೆ ಕೇಳಿ. ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯ ನಿಮಗೆ ಹತ್ತಿರವೇ ಇದೆ, ದುಡ್ಡು ಕೊಡುವ ಮೊದಲು ಅಲ್ಲೂ ವಿಚಾರಿಸಿ.

ಇದನ್ನೇ ಯಾಕೆ ಹೇಳುತ್ತೇನೆ ಅಂದರೆ, ನಿಮಗೆ ಪಾಠ ಮಾಡುವುದು ಚೆನ್ನಾಗಿ ಗೊತ್ತು. ತರಗತಿಯಲ್ಲಿ ಮಕ್ಕಳ ಮುಖ ನೋಡಿದರೆ ಸಾಕು, ಅರ್ಥವಾಗಿಲ್ಲ ಅಂತ ನಿಮಗೆ ತಿಳಿಯುತ್ತದೆ. ತಕ್ಷಣ ಇನ್ನೊಂದು ಉದಾಹರಣೆ ಕೊಡುತ್ತೀರಿ. ಇ-ಲರ್ನಿಂಗ್ ಕೋರ್ಸಿನಲ್ಲಿ ಆ ಹೊತ್ತಿಗೆ ನೀವು ಅಲ್ಲಿ ಇರುವುದಿಲ್ಲ. ಕಲಿಯುವವರು ಎಲ್ಲಿ ತಡವರಿಸುತ್ತಾರೆ ಅನ್ನುವುದನ್ನು ಮೊದಲೇ ಊಹಿಸಿ, ಪರೀಕ್ಷಿಸಿ, ತಿದ್ದಿ ಇಡಬೇಕು. ಬಿ.ಎಡ್‌ನಲ್ಲಿ ನಮಗೆ ಅಷ್ಟಾಗಿ ಅಭ್ಯಾಸ ಆಗದೇ ಇರುವುದು ಇದೇ. ಈ ಪುಸ್ತಕ ಅದನ್ನೇ ಕೈ ಹಿಡಿದು ಕಲಿಸುತ್ತದೆ.

ಒಂದು ಉದಾಹರಣೆ ನೋಡೋಣ. ಹಳ್ಳಿಯ ಹಾಲು ಉತ್ಪಾದಕರ ಸಂಘಕ್ಕೆ ಹೊಸದಾಗಿ ಸೇರಿದ ಹಾಲು ಪರೀಕ್ಷಕರಿಗೆ ಲ್ಯಾಕ್ಟೋಮೀಟರ್ (ಹಾಲಿನಲ್ಲಿ ತೇಲಿಬಿಟ್ಟು ಅದರ ಸಾಂದ್ರತೆ ಅಳೆಯುವ ಉಪಕರಣ) ಬಳಸುವುದನ್ನು ಕಲಿಸಬೇಕು ಅಂದುಕೊಳ್ಳಿ. ‘ಹಾಲಿನ ಗುಣಮಟ್ಟದ ಬಗ್ಗೆ ಅರಿವು ಮೂಡಿಸುವುದು’ ಎಂದು ಗುರಿ ಬರೆದರೆ ಅದರಿಂದ ಏನೂ ಹುಟ್ಟುವುದಿಲ್ಲ. ತರಬೇತಿ ಮುಗಿದ ಮೇಲೆ ಅವರು ಏನು ಮಾಡುತ್ತಾರೆ ಅಂತ ಕೇಳಿಕೊಳ್ಳಬೇಕು. ಹಾಲನ್ನು ಚೆನ್ನಾಗಿ ಬೆರೆಸುತ್ತಾರೆ. ನೊರೆ ಬಾರದ ಹಾಗೆ ಜಾರಿನ ಅಂಚಿನಿಂದ ನಿಧಾನವಾಗಿ ಸುರಿಯುತ್ತಾರೆ. ಲ್ಯಾಕ್ಟೋಮೀಟರ್ ಜಾರಿನ ಗೋಡೆಗೆ ತಾಗದೆ ತೇಲುವಂತೆ ಬಿಡುತ್ತಾರೆ. ಕಣ್ಣನ್ನು ಹಾಲಿನ ಮಟ್ಟಕ್ಕೆ ತಂದು ರೀಡಿಂಗ್ ನೋಡುತ್ತಾರೆ. ಹಾಲಿನ ಉಷ್ಣಾಂಶ ನೋಡಿ ಆ ರೀಡಿಂಗನ್ನು ತಿದ್ದುತ್ತಾರೆ. ಆಗ ತಾನೇ ಕರೆದು ತಂದ ಬೆಚ್ಚನೆಯ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಜಾಸ್ತಿ ಮುಳುಗಿ ರೀಡಿಂಗ್ ಕಡಿಮೆ ಬರುತ್ತದೆ, ಅಲ್ವಾ? ತಿದ್ದದೇ ಬಿಟ್ಟರೆ ಒಳ್ಳೆಯ ಹಾಲು ತಂದವರ ಮೇಲೂ ನೀರು ಬೆರೆಸಿದ ಅನುಮಾನ ಬರುತ್ತದೆ.

ಈಗ ಒಂದೊಂದು ಹೆಜ್ಜೆಯ ಕೆಳಗೂ ಇಳಿಯಿರಿ. ತಿದ್ದುಪಡಿ ಮಾಡಲು ದಶಮಾಂಶ ಕೂಡುವುದು, ಕಳೆಯುವುದು ಬರಬೇಕು. ಎರಡು ಗೆರೆಗಳ ನಡುವಿನ ಅಳತೆ ಓದಲು ಬರಬೇಕು. ಇವು ಅವರಿಗೆ ಮೊದಲೇ ಗೊತ್ತಾ? ಗೊತ್ತಿದ್ದರೆ ಬಿಟ್ಟುಬಿಡಿ, ಇಲ್ಲದಿದ್ದರೆ ಕಲಿಸಿ. ಡಿಕ್ ಮತ್ತು ಕ್ಯಾರಿ ಎರಡು ಅಧ್ಯಾಯ ತುಂಬಾ ಮಾಡಿಸುವುದು ಈ ಇಳಿಯುವ ಕೆಲಸವನ್ನೇ. ಓದಲು ಅದು ಸಪ್ಪೆ ಅನ್ನಿಸುತ್ತದೆ, ನಿಜ. ಆದರೆ ಅದನ್ನು ಮಾಡದವರ ಕೋರ್ಸು ಹೇಗಿರುತ್ತದೆ ಗೊತ್ತಾ? ಮೊದಲ ಹತ್ತು ಸ್ಲೈಡ್ ‘ಹಾಲಿನ ಇತಿಹಾಸ’, ‘ಹಾಲಿನ ಮಹತ್ವ’. ರೀಡಿಂಗ್ ತಿದ್ದುವುದು ಕೊನೆಯ ಒಂದು ಸ್ಲೈಡಿನಲ್ಲಿ ಓಡಿಹೋಗುತ್ತದೆ.

ಗುರಿ ಬರೆಯುವ ವಿಚಾರಕ್ಕೆ ಬಂದರೆ, ರಾಬರ್ಟ್ ಮೇಗರ್ 1962ರಲ್ಲೇ ಒಂದು ಪುಟ್ಟ ಪುಸ್ತಕದಲ್ಲಿ ಮೂರು ಭಾಗ ಹೇಳಿದ್ದರು: ಏನು ಮಾಡಬೇಕು, ಯಾವ ಪರಿಸ್ಥಿತಿಯಲ್ಲಿ ಮಾಡಬೇಕು, ಎಷ್ಟು ಚೆನ್ನಾಗಿ ಮಾಡಬೇಕು. ನಮ್ಮ ಪರೀಕ್ಷಕರಿಗೆ ಅದನ್ನು ಹೀಗೆ ಬರೆಯಬಹುದು: ‘ಲ್ಯಾಕ್ಟೋಮೀಟರ್, ಥರ್ಮಾಮೀಟರ್ ಮತ್ತು ತಿದ್ದುಪಡಿ ಪಟ್ಟಿ ಕೊಟ್ಟಾಗ, ಬೇರೆ ಬೇರೆ ಉಷ್ಣಾಂಶದ 5 ಮಾದರಿಗಳ ಸರಿಯಾದ ರೀಡಿಂಗನ್ನು ಅರ್ಧ ಅಂಕದ ವ್ಯತ್ಯಾಸದೊಳಗೆ ದಾಖಲಿಸುತ್ತಾರೆ.’ ಇಷ್ಟು ಬರೆದರೆ ಪರೀಕ್ಷೆ ಹೇಗಿರಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ‘ಲ್ಯಾಕ್ಟೋಮೀಟರ್ ಎಂದರೇನು?’ ಅನ್ನುವ ಬಹುಆಯ್ಕೆ ಪ್ರಶ್ನೆಗೆ ಇಲ್ಲಿ ಜಾಗವೇ ಇಲ್ಲ. ಹಾಲು ಕೊಟ್ಟು, ಅಳೆದು ತೋರಿಸಿ ಅನ್ನಬೇಕು. ಡಿಕ್ ಮತ್ತು ಕ್ಯಾರಿ ಪುಸ್ತಕದಲ್ಲಿ ಪರೀಕ್ಷೆ ಬರೆಯುವ ಅಧ್ಯಾಯ, ಕಲಿಸುವ ವಿಧಾನದ ಅಧ್ಯಾಯಕ್ಕಿಂತ ಮೊದಲೇ ಬರುತ್ತದೆ. ನನಗೆ ಆ ಪುಸ್ತಕದ ಮೇಲೆ ಇರುವ ಗೌರವಕ್ಕೆ ಅರ್ಧ ಕಾರಣ ಈ ಕ್ರಮ.

ಇನ್ನರ್ಧ ಕಾರಣ, ಮಾಡಿದ್ದನ್ನು ಪರೀಕ್ಷಿಸುವ ಅಧ್ಯಾಯ. ಮೊದಲು ಕಲಿಯುವವರಲ್ಲಿ ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ, ಆಮೇಲೆ ಒಂದು ಸಣ್ಣ ಗುಂಪು, ಆಮೇಲೆ ನಿಜವಾದ ಜಾಗದಲ್ಲಿ ಪ್ರಯೋಗ. ಒಬ್ಬರು ಎಡವಿದ ಕಡೆ ಗುರುತು ಹಾಕಿಕೊಂಡು ಪಾಠವನ್ನು ತಿದ್ದಬೇಕು. ಇಲ್ಲಿ ಅಂಕ ಬೀಳುವುದು ಕಲಿಯುವವರಿಗಲ್ಲ, ನೀವು ಮಾಡಿದ ಪಾಠಕ್ಕೆ. ಗಡುವಿನ ಒತ್ತಡದಲ್ಲಿ ಕಂಪನಿಗಳು ಮೊದಲು ಕೈಬಿಡುವುದು ಈ ಹಂತವನ್ನೇ. ನೀವು ಮಾತ್ರ ಬಿಡಬೇಡಿ. ಪಕ್ಕದ ಮನೆಯವರೊಬ್ಬರನ್ನು ಕೂರಿಸಿಕೊಂಡು ಅರ್ಧ ಗಂಟೆ ನೋಡಿದರೂ ಎಷ್ಟೋ ತಪ್ಪು ಕಣ್ಣಿಗೆ ಬೀಳುತ್ತವೆ.

ಇಂಗ್ಲಿಷಿನ ಭಯದ ಬಗ್ಗೆ. ಈ ಪುಸ್ತಕದ ಭಾಷೆ ಒಣ ಒಣ, ಆದರೆ ಕಷ್ಟದ್ದಲ್ಲ. ಅದೇ ಪದಗಳು ಮತ್ತೆ ಮತ್ತೆ ಬರುತ್ತವೆ. ಮೊದಲ ಮೂರು ಅಧ್ಯಾಯ ದಾಟಿದರೆ ಮುಂದಿನದು ಸರಾಗ. ನಿಮ್ಮ ಅಭ್ಯಾಸದ ಕೆಲಸವನ್ನು ಮೊದಲು ಕನ್ನಡದಲ್ಲೇ ಮಾಡಿ, ಯೋಚನೆ ಅಲ್ಲಿ ಚುರುಕಾಗಿರುತ್ತದೆ. ಸ್ಟೋರಿಬೋರ್ಡನ್ನು (ಪರದೆ ಪರದೆಗೂ ಏನು ಕಾಣಬೇಕು, ಏನು ಕೇಳಬೇಕು ಅನ್ನುವ ಬರಹ) ಮಾತ್ರ ಇಂಗ್ಲಿಷಿನಲ್ಲಿ ಬರೆಯಿರಿ. ಕೆಲಸಕ್ಕೆ ಅರ್ಜಿ ಹಾಕಿದಾಗ ಸಾಮಾನ್ಯವಾಗಿ ಕೇಳುವುದು ಅದನ್ನೇ.

ಇನ್ನೊಂದು ಪುಸ್ತಕಕ್ಕೆ ದುಡ್ಡು ಹೊಂದಿದರೆ ಜೂಲಿ ಡರ್ಕ್ಸನ್ ಅವರ ‘ಡಿಸೈನ್ ಫಾರ್ ಹೌ ಪೀಪಲ್ ಲರ್ನ್’ ಸೇರಿಸಿಕೊಳ್ಳಿ. ತುಂಬ ಸರಳ ಇಂಗ್ಲಿಷ್, ಪುಟ ಪುಟಕ್ಕೂ ಚಿತ್ರ. ಓದುವ ಭಯವಂತೂ ಇದರಲ್ಲಿ ಓಡಿಹೋಗುತ್ತದೆ. ಹಾಗಿದ್ದರೆ ಇದನ್ನೇ ಮೊದಲು ಕೊಳ್ಳಬಾರದೇ ಅಂತ ಕೇಳಬಹುದು. ಇದು ಕಣ್ಣು ತೆರೆಸುತ್ತದೆ, ಆದರೆ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಮಾಡಿಸುವುದು ಕಡಿಮೆ. ಕೆಲಸ ಕಲಿಯಬೇಕಾದವರಿಗೆ ಮಾಡಿಸುವ ಪುಸ್ತಕವೇ ಬೇಕು.

ಆದರೂ ಡರ್ಕ್ಸನ್ ಹೇಳುವ ಒಂದು ಮಾತು ಎಲ್ಲರಿಗೂ ಬೇಕಾದದ್ದು. ಜನ ಕೆಲಸ ಸರಿಯಾಗಿ ಮಾಡದಿದ್ದರೆ ಯಾವಾಗಲೂ ತಿಳುವಳಿಕೆಯ ಕೊರತೆಯೇ ಇರಬೇಕೆಂದಿಲ್ಲ. ಅಭ್ಯಾಸ ಸಾಲದೇ ಇರಬಹುದು, ಮನಸ್ಸು ಇಲ್ಲದೇ ಇರಬಹುದು, ಕೆಲಸದ ಜಾಗವೇ ಅಡ್ಡಿಯಾಗಿರಬಹುದು. ನಮ್ಮ ಹಾಲಿನ ಸಂಘದಲ್ಲಿ ಥರ್ಮಾಮೀಟರ್ ಒಡೆದು ತಿಂಗಳಾಗಿದ್ದರೆ, ಬೆಳಿಗ್ಗೆ 6 ಗಂಟೆಗೆ ಉದ್ದದ ಸಾಲು ನಿಂತಿದ್ದು ಪರೀಕ್ಷಕರು ಒಬ್ಬರೇ ಇದ್ದರೆ, ಎಷ್ಟು ಚಂದದ ಕೋರ್ಸು ಮಾಡಿದರೂ ರೀಡಿಂಗ್ ಸರಿಹೋಗುವುದಿಲ್ಲ. ಥರ್ಮಾಮೀಟರ್ ತರಿಸಬೇಕು, ಅಷ್ಟೇ.

ಗೆಳತಿ ಕಳಿಸಿದ ಪಟ್ಟಿಯಲ್ಲಿರುವ ಬೇರೆ ಪುಸ್ತಕ ಕೈಗೆ ಸಿಕ್ಕರೆ ಹೇಗೆ ಅಳೆಯುವುದು? ಮುನ್ನುಡಿ ಬಿಡಿ. ಗುರಿ ಬರೆಯುವ ಅಧ್ಯಾಯ ತೆಗೆಯಿರಿ. ಕೆಟ್ಟದಾಗಿ ಬರೆದ ಗುರಿಯನ್ನು ಕೊಟ್ಟು ತಿದ್ದಲು ಹೇಳುತ್ತದಾ? ಬರೀ ಬ್ಲೂಮ್ ಕ್ರಿಯಾಪದಗಳ (ಕಲಿಕೆಯ ಮಟ್ಟಕ್ಕೆ ತಕ್ಕಂತೆ ಗುರಿ ಬರೆಯಲು ಬಳಸುವ ‘ಹೆಸರಿಸು’, ‘ವಿವರಿಸು’ ಥರದ ಪದಗಳ) ಪಟ್ಟಿ ಕೊಟ್ಟು ಮುಂದೆ ಹೋಗುತ್ತದಾ? ಪಟ್ಟಿಯಷ್ಟೇ ಇದ್ದರೆ ಕೆಳಗಿಡಿ. ಒಂದು ಉದಾಹರಣೆಯನ್ನು ಮೊದಲಿಂದ ಕೊನೆವರೆಗೆ ಕೊಂಡೊಯ್ಯುತ್ತದಾ ಅಂತಲೂ ನೋಡಿ. ಅಧ್ಯಾಯಕ್ಕೊಂದು ಹೊಸ ಉದಾಹರಣೆ ಕೊಡುವ ಪುಸ್ತಕದಲ್ಲಿ ಒಂದು ಹಂತದಿಂದ ಇನ್ನೊಂದಕ್ಕೆ ಹೇಗೆ ದಾಟುವುದು ಅನ್ನುವುದೇ ಕಾಣುವುದಿಲ್ಲ.

ಮತ್ತೊಂದು ಪರೀಕ್ಷೆ ನಿಮಗೆ ಸುಲಭ. ಬಿ.ಎಡ್ ಓದಿದವರಿಗೆ ಎಡ್ಗರ್ ಡೇಲ್ ಅವರ ಅನುಭವ ಶಂಕು (ನೇರ ಅನುಭವದಿಂದ ಬರೀ ಮಾತಿನವರೆಗೆ ಕಲಿಕೆಯ ಅನುಭವಗಳನ್ನು ಜೋಡಿಸಿದ ಚಿತ್ರ) ಗೊತ್ತೇ ಇರುತ್ತದೆ. ಅದರ ಮೇಲೆ ‘ಓದಿದ್ದರಲ್ಲಿ ಶೇ 10, ಕೇಳಿದ್ದರಲ್ಲಿ ಶೇ 20 ನೆನಪಿರುತ್ತದೆ’ ಎಂದು ಅಂಕಿ ಹಾಕಿದ ಚಿತ್ರ ಪುಸ್ತಕದಲ್ಲಿ ಇದೆಯಾ ನೋಡಿ. ಡೇಲ್ 1946ರಲ್ಲಿ ಶಂಕು ಕೊಟ್ಟಾಗ ಅದರಲ್ಲಿ ಒಂದು ಅಂಕಿಯೂ ಇರಲಿಲ್ಲ. ಯಾರೋ ಆಮೇಲೆ ಸೇರಿಸಿದ್ದು, ಅದರ ಹಿಂದೆ ಸಂಶೋಧನೆ ಇಲ್ಲ. ಹಾಗೆಯೇ ‘ನೋಡಿ ಕಲಿಯುವವರು, ಕೇಳಿ ಕಲಿಯುವವರು’ ಎಂದು ವಿಂಗಡಿಸಿ ಬೇರೆ ಬೇರೆ ಪಾಠ ಮಾಡಿ ಅನ್ನುವ ಅಧ್ಯಾಯ. ಮನೋವಿಜ್ಞಾನಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಜೊತೆಗಾರರು 2008ರಲ್ಲಿ ಈ ಬಗೆಯ ಅಧ್ಯಯನಗಳನ್ನೆಲ್ಲ ತಿರುವಿ ನೋಡಿ, ಹಾಗೆ ಮಾಡಲು ಸಾಕಷ್ಟು ಆಧಾರ ಇಲ್ಲ ಎಂದರು. ಈ ಎರಡನ್ನೂ ಪರೀಕ್ಷಿಸದೆ ಅಚ್ಚು ಹಾಕಿದ ಪುಸ್ತಕ, ಉಳಿದ ವಿಚಾರದಲ್ಲೂ ಪರೀಕ್ಷಿಸಿರುವುದು ಅನುಮಾನ.

ಕಡೆಗೆ, ಪುಸ್ತಕವನ್ನು ಸುಮ್ನೆ ಓದಬೇಡಿ. ನಿಮ್ಮ ಊರಿನ, ನಿಮಗೆ ಗೊತ್ತಿರುವ ಒಂದು ಕೆಲಸ ಹಿಡಿದುಕೊಂಡು ಅಧ್ಯಾಯಕ್ಕೆ ಒಂದು ಹಂತದಂತೆ ಮಾಡುತ್ತಾ ಹೋಗಿ. ಶಾಲೆಯ ಪ್ರಯೋಗಾಲಯದಲ್ಲಿ ಬ್ಯುರೆಟ್ ಹಿಡಿಯುವುದೂ ಆದೀತು. ಪುಸ್ತಕ ಮುಗಿಯುವ ಹೊತ್ತಿಗೆ ಸಂದರ್ಶನದಲ್ಲಿ ತೋರಿಸಲು ಒಂದು ಪೂರ್ತಿ ಕೆಲಸ ಕೈಯಲ್ಲಿರುತ್ತದೆ.

ಪ್ರಶ್ನೆ: ನಾನು ಇ-ಲರ್ನಿಂಗ್ ಕಂಪನಿಯಲ್ಲೇ ಇದ್ದೇನೆ. ಕೋರ್ಸು ತಯಾರಿಸುವ ಸಾಫ್ಟ್‌ವೇರ್ ಟೂಲ್ ಚೆನ್ನಾಗಿ ಬರುತ್ತದೆ. ಆದರೆ ಪರದೆ ಮೇಲಿನ ಪಠ್ಯವನ್ನೆಲ್ಲ ದನಿಯಲ್ಲೂ ಓದಿಸಬೇಕಾ, ಚಿತ್ರ ಎಷ್ಟು ಇರಬೇಕು ಎಂದು ದಿನಾ ವಾದ. ಇದಕ್ಕೆ ಪುಸ್ತಕ ಇದೆಯೇ?
– ಓದುಗ, ಬೆಂಗಳೂರು

ಉತ್ತರ: ಇದೆ. ರೂತ್ ಕ್ಲಾರ್ಕ್ ಮತ್ತು ರಿಚರ್ಡ್ ಮೇಯರ್ ಬರೆದ ‘ಇ-ಲರ್ನಿಂಗ್ ಅಂಡ್ ದಿ ಸೈನ್ಸ್ ಆಫ್ ಇನ್‌ಸ್ಟ್ರಕ್ಷನ್’. ಇದರಲ್ಲಿ ಅಭಿಪ್ರಾಯಕ್ಕಿಂತ ಪ್ರಯೋಗಗಳ ಮಾತು ಜಾಸ್ತಿ. ಚಿತ್ರವನ್ನು ದನಿಯಲ್ಲಿ ವಿವರಿಸುತ್ತಿರುವಾಗ ಅದೇ ವಾಕ್ಯಗಳನ್ನು ಪರದೆ ಮೇಲೂ ಹಾಕಿದರೆ ಕಲಿಕೆ ಸಾಮಾನ್ಯವಾಗಿ ಕುಗ್ಗುತ್ತದೆ. ಕಣ್ಣು ಚಿತ್ರ ನೋಡಲಾ, ಅಕ್ಷರ ಓದಲಾ ಎಂದು ಎರಡೂ ಕಡೆ ಓಡುತ್ತದೆ. ವಿಷಯಕ್ಕೆ ಸಂಬಂಧವಿಲ್ಲದ ಅಲಂಕಾರದ ಚಿತ್ರ, ಹಿನ್ನೆಲೆ ಸಂಗೀತವೂ ಹಾಗೇ.

ಆದರೆ ಇದೇ ಪುಸ್ತಕ ವಿನಾಯಿತಿಗಳನ್ನೂ ಹೇಳುತ್ತದೆ, ಮತ್ತು ಅದರಲ್ಲಿ ಒಂದು ನಮಗೆ ತುಂಬ ಮುಖ್ಯ. ಕೇಳುವವರ ಮನೆಮಾತು ಬೇರೆಯಾಗಿದ್ದಾಗ ಪರದೆ ಮೇಲಿನ ಪಠ್ಯ ನೆರವಾಗಬಹುದು. ಕನ್ನಡದಲ್ಲಿ ಓದಿ ಬಂದ ಕಾರ್ಮಿಕರಿಗೆ ಇಂಗ್ಲಿಷ್ ದನಿಯ ಸುರಕ್ಷತಾ ಕೋರ್ಸ್ ಮಾಡುತ್ತಿದ್ದೀರಾ? ಹಾಗಿದ್ದರೆ ನಿಯಮ ಹೇಳಿ ಪಠ್ಯ ತೆಗೆಸಬೇಡಿ. ಅದಕ್ಕಿಂತ ಒಳ್ಳೆಯದು ಕನ್ನಡದ ದನಿ ಹಾಕಿಸಿ ಎಂದು ಕೇಳುವುದು. ಈ ಪುಸ್ತಕದ ವಿಚಾರದಲ್ಲಿ ಮಾತ್ರ ಹೊಸ ಆವೃತ್ತಿ ಕೊಳ್ಳಿ, ಸಂಶೋಧನೆ ಸೇರುತ್ತಾ ಹೋದ ಹಾಗೆ ಅಧ್ಯಾಯಗಳು ಬದಲಾಗುತ್ತವೆ.

ಪ್ರಶ್ನೆ: ನಾನು ಪದವಿ ಕಾಲೇಜು ಉಪನ್ಯಾಸಕ. ಕೆಲಸ ಬದಲಿಸುವ ಯೋಚನೆ ಇಲ್ಲ, ನನ್ನ ಸೆಮಿಸ್ಟರ್ ಪಾಠಗಳನ್ನು ಚೆನ್ನಾಗಿ ಕಟ್ಟಬೇಕು. ಉಚಿತವಾಗಿ ಓದುವಂಥದ್ದೂ ಇದ್ದರೆ ತಿಳಿಸಿ.
– ಉಪನ್ಯಾಸಕ, ಶಿವಮೊಗ್ಗ

ಉತ್ತರ: ನಿಮಗೆ ಗ್ರಾಂಟ್ ವಿಗಿನ್ಸ್ ಮತ್ತು ಜೇ ಮೆಕ್‌ಟೈ ಅವರ ‘ಅಂಡರ್‌ಸ್ಟ್ಯಾಂಡಿಂಗ್ ಬೈ ಡಿಸೈನ್’ ಹೊಂದುತ್ತದೆ. 2005ರ ಎರಡನೇ ಆವೃತ್ತಿ ನೋಡಿ. ಸೆಮಿಸ್ಟರ್ ಕೊನೆಗೆ ವಿದ್ಯಾರ್ಥಿಗೆ ಏನು ಬರಬೇಕು, ಬಂದಿದೆ ಅನ್ನಲು ಸಾಕ್ಷಿ ಏನು, ಇವೆರಡು ತೀರ್ಮಾನವಾದ ಮೇಲೆ ಪಾಠ ಯೋಜಿಸಿ ಅನ್ನುತ್ತದೆ. ಸಿಲಬಸ್ ಘಟಕಗಳನ್ನು ವಾರಗಳಿಗೆ ಹಂಚುವುದರಿಂದ ಶುರು ಮಾಡುವ ರೂಢಿ ನಮ್ಮಲ್ಲಿದೆಯಲ್ಲ, ಅದನ್ನು ತಿರುಗಿಸಿ ಹಾಕುತ್ತದೆ.

ಉಚಿತದ್ದು ಬೇಕಾದರೆ ಜೇಸನ್ ಮೆಕ್‌ಡೊನಾಲ್ಡ್ ಮತ್ತು ರಿಚರ್ಡ್ ವೆಸ್ಟ್ ಸಂಪಾದಿಸಿದ ‘ಡಿಸೈನ್ ಫಾರ್ ಲರ್ನಿಂಗ್’ ಅಂತರ್ಜಾಲದಲ್ಲಿ ಮುಕ್ತವಾಗಿ ಸಿಗುತ್ತದೆ. ಬೇರೆ ಬೇರೆಯವರು ಬರೆದ ಅಧ್ಯಾಯಗಳು, ಹಾಗಾಗಿ ಎಲ್ಲವೂ ಒಂದೇ ಮಟ್ಟದಲ್ಲಿಲ್ಲ. ಬೇಕಾದ ಅಧ್ಯಾಯ ಆರಿಸಿಕೊಂಡು ಓದಿ. ಮುಂದಿನ ಸೆಮಿಸ್ಟರಿನ ಒಂದೇ ಒಂದು ಘಟಕ ತೆಗೆದುಕೊಂಡು, ಅದರ ಪರೀಕ್ಷೆಯ ಪ್ರಶ್ನೆಗಳನ್ನು ಈಗಲೇ ಬರೆದು, ಆಮೇಲೆ ಪಾಠಕ್ಕೆ ಕೂರಿ.