ಓಡುವ ಮಗಳಿಗೆ ಬೇಕಿರುವುದು ಒಂದು ತಾರೀಖು

ಜೇವರ್ಗಿ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ. ಅವರ ಮಗಳು 2021ರಲ್ಲಿ ಪಿಎಸ್‌ಐ (ಪೊಲೀಸ್ ಸಬ್‌ಇನ್‌ಸ್ಪೆಕ್ಟರ್) ಪರೀಕ್ಷೆ ಬರೆದಳು. ಮೋಸ ಬಯಲಾಗಿ ಅದು ರದ್ದಾಯಿತು. ಮರುಪರೀಕ್ಷೆಯಲ್ಲಿ ಸ್ವಲ್ಪದರಲ್ಲೇ ತಪ್ಪಿತು. ಮೊದಲ ಪರೀಕ್ಷೆಗೂ ಮುಂಚೆ ಒಬ್ಬ ಮನೆಗೆ ಬಂದು, 'ಹೊಲ ಮಾರಿದರೆ ಕೆಲಸ ಗ್ಯಾರಂಟಿ' ಅಂದಿದ್ದನಂತೆ. ಇವರು ಒಪ್ಪಲಿಲ್ಲ. 'ನಾನು ತಪ್ಪು ಮಾಡಿದೆನಾ? ಈ ಬರೆಯುವ ಪರೀಕ್ಷೆಯನ್ನೇ ತೆಗೆದು ಜಿಲ್ಲೆಯಲ್ಲೇ ಸಂದರ್ಶನ ಮಾಡಿದರೆ ಆಗುವುದಿಲ್ಲವಾ?' ಎಂದು ಕೇಳಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ.

ಅಣ್ಣಾರೆ, ನಮಸ್ಕಾರ.

ನೀವು ತಪ್ಪು ಮಾಡಿಲ್ಲ. ನಿಮ್ಮ ಪತ್ರ ಓದಿ ಎರಡು ದಿನ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಸಂದರ್ಶನದ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. 2021ರ ಅಕ್ಟೋಬರ್ 3ರಂದು 545 ಹುದ್ದೆಗೆ ಪರೀಕ್ಷೆ ನಡೆಯಿತಲ್ವಾ, ಆ ಮೋಸ ಬಯಲಾದದ್ದು ಒಂದು ಹಾಳೆಯಿಂದ. ಎರಡನೇ ಪತ್ರಿಕೆಯಲ್ಲಿ 100 ಪ್ರಶ್ನೆ, 150 ಅಂಕ. ಒಂದು ಪ್ರಶ್ನೆಗೆ ಒಂದೂವರೆ ಅಂಕ. ಕಲಬುರಗಿ ಕೇಂದ್ರದಲ್ಲಿ ಬರೆದ ಒಬ್ಬ ಅಭ್ಯರ್ಥಿ ಗುರುತು ಹಾಕಿದ್ದು ಬರೀ 21 ಪ್ರಶ್ನೆಗೆ ಎಂದು ಸುದ್ದಿಯಾಯಿತು. ಅಷ್ಟೂ ಸರಿಯಾಗಿದ್ದರೂ 31.5 ಅಂಕ ದಾಟುವುದಿಲ್ಲ. ಪಟ್ಟಿಯಲ್ಲಿ ಇದ್ದದ್ದು 121! ಸಿಐಡಿಯವರು ಆಯ್ಕೆಯಾದ ಅಭ್ಯರ್ಥಿಗಳಿಗೆ ಓಎಂಆರ್ ಹಾಳೆಯ, ಅಂದರೆ ವೃತ್ತ ತುಂಬಿ ಉತ್ತರ ಗುರುತಿಸುವ ಹಾಳೆಯ, ಕಾರ್ಬನ್ ಪ್ರತಿ ತರಲು ಹೇಳಿದರು. ಮೂಲ ಹಾಳೆಯಲ್ಲಿ ತುಂಬಿದ ವೃತ್ತ ಕಾರ್ಬನ್ ಪ್ರತಿಯಲ್ಲಿ ಖಾಲಿ ಇದ್ದರೆ, ಯಾರೋ ಆಮೇಲೆ ಪೆನ್ನು ಹಿಡಿದಿದ್ದಾರೆ ಅಂತಲೇ ಅರ್ಥ. ಪರೀಕ್ಷೆ ನಡೆಸಿದ ಪೊಲೀಸ್ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯವರೇ (ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕರು) 2022ರ ಜುಲೈನಲ್ಲಿ ಬಂಧನವಾಗುವವರೆಗೆ ಆ ಎಳೆ ಹೋಯಿತು.

ಸಂದರ್ಶನದಲ್ಲಿ ಇಂಥ ಹಾಳೆ ಎಲ್ಲಿರುತ್ತದೆ, ಹೇಳಿ. ನಾಲ್ಕು ಜನ ಕೂತು ಒಬ್ಬರಿಗೆ 18, ಇನ್ನೊಬ್ಬರಿಗೆ 9 ಹಾಕಿದರೆ ನಿಮ್ಮ ಮಗಳು ಯಾವ ಕಾರ್ಬನ್ ಪ್ರತಿ ಹಿಡಿದು ಕೇಳಬೇಕು? ನಿಮ್ಮ ಮನೆಗೆ ಬಂದವನಿಗೆ ಅದರಿಂದ ದಾರಿ ಇನ್ನೂ ಸಲೀಸಾಗುತ್ತದೆ.

ಹಾಗಾಗಿ ಹಾಳೆ ಇರಲಿ. ಅದನ್ನು ತಿದ್ದಲು ಸಮಯ ಸಿಗಬಾರದು, ಅಷ್ಟೇ. ಅಭ್ಯರ್ಥಿ ಪೆನ್ನು ಕೆಳಗಿಟ್ಟ ಮೇಲೆ ಅಂಕ ಎಣಿಸುವವರೆಗೆ ಹಾಳೆ ಒಂದು ಕೊಠಡಿಯಿಂದ ಇನ್ನೊಂದಕ್ಕೆ ಹೋಗುತ್ತದೆ, ಬೀಗದೊಳಗೆ ಕೂರುತ್ತದೆ. ಕಳ್ಳತನ ಆದದ್ದು ಅಲ್ಲಿಯೇ. ಕೇಂದ್ರದಲ್ಲೇ, ಅಭ್ಯರ್ಥಿಗಳು ಎದ್ದು ಹೋಗುವ ಮುಂಚೆ, ಅವರ ಕಣ್ಣೆದುರೇ ಹಾಳೆ ಸ್ಕ್ಯಾನ್ ಆಗಲಿ. ಅವತ್ತು ರಾತ್ರಿಯೇ ಎಲ್ಲರ ಹಾಳೆಯೂ ಎಲ್ಲರಿಗೂ ಕಾಣಲಿ. ಆಮೇಲೆ ಯಾರು ಏನು ತಿದ್ದಿಯಾರು?

ಪರೀಕ್ಷೆ ನಡೆಸುವವರನ್ನು ಬದಲಾಯಿಸಿದರೆ ಸಾಕು ಅನ್ನುವವರಿದ್ದಾರೆ. ಸಾಲದು. 2023ರ ಅಕ್ಟೋಬರಿನಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿದ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಯಲ್ಲೂ ನಮ್ಮ ಕಲಬುರಗಿ, ಯಾದಗಿರಿಯಲ್ಲಿ ಬ್ಲೂಟೂತ್‌ನಲ್ಲಿ ಉತ್ತರ ಕೇಳಿ ಬರೆಯುತ್ತಿದ್ದವರನ್ನು ಹಿಡಿದರು. ಅದೇ ಪ್ರಾಧಿಕಾರ 2024ರ ಜನವರಿ 23ಕ್ಕೆ ಪಿಎಸ್‌ಐ ಮರುಪರೀಕ್ಷೆಯನ್ನು ಬೆಂಗಳೂರಲ್ಲಿ ನಡೆಸಿತು. ಕಾವಲು ಗಟ್ಟಿಯಾಗಿತ್ತು, ಒಳ್ಳೆಯದೇ. ಆದರೆ ನಿಮ್ಮ ಮಗಳು ರಾತ್ರಿಯಿಡೀ ರೈಲಿನಲ್ಲಿ ಕೂತು ಹೋಗಿ ಬರೆಯಬೇಕಾಯಿತು. ಯಾರದೋ ಮೋಸಕ್ಕೆ ಅವಳು ಟಿಕೆಟ್ ತೆಗೆದಳು.

'ಕಲಬುರಗಿಯವರು ಅಂದರೆ ಜನ ನಗುತ್ತಾರೆ' ಎಂದು ಬರೆದಿದ್ದೀರಿ. ನನಗೂ ಆ ನೋವಿದೆ. ಆದರೆ ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಇಲ್ಲಿನ ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ ನೂರಕ್ಕೆ 80 ನಮ್ಮ ಮಕ್ಕಳಿಗೇ ಮೀಸಲು. ಇಲ್ಲಿ ಕೂತು ಮೋಸ ಮಾಡಿದವನು ಬೆಂಗಳೂರಿನ ಹುಡುಗನ ಕೆಲಸ ಕದಿಯಲಿಲ್ಲ. ಆಳಂದ, ಚಿಂಚೋಳಿ, ಸುರಪುರದ ಮಕ್ಕಳದ್ದೇ ಕದ್ದ. ನಾಳೆ ಅವನೇ ಠಾಣೆಯಲ್ಲಿ ಕೂತರೆ, ದೂರು ಕೊಡಲು ಬಂದ ನಿಮ್ಮಂಥವರ ಹತ್ತಿರ, ತಾನು ಕೆಲಸಕ್ಕೆ ಕೊಟ್ಟ ದುಡ್ಡು ವಾಪಸ್ ತೆಗೆಯದೆ ಬಿಡುತ್ತಾನಾ?

ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಕಾಡುವುದು ತಡ. ಆ 545 ಅಲ್ಲದೆ ಬೇರೆ 402 ಪಿಎಸ್‌ಐ ಹುದ್ದೆಗೆ 2021ರಲ್ಲೇ ಅರ್ಜಿ ಕರೆದಿದ್ದರು. ಪರೀಕ್ಷೆ ಆದದ್ದು 2024ರ ಅಕ್ಟೋಬರ್ 3ಕ್ಕೆ. ಅಷ್ಟರಲ್ಲಿ ಎಷ್ಟೋ ಮಕ್ಕಳಿಗೆ ವಯಸ್ಸು ದಾಟಿತು, ಎಷ್ಟೋ ಹೆಣ್ಣುಮಕ್ಕಳ ಮದುವೆ ಮಾಡಿಬಿಟ್ಟರು. 'ಇದು ಬಿಟ್ಟರೆ ಇನ್ನಿಲ್ಲ' ಅನ್ನುವ ಭಯ ಬಂದಾಗಲೇ ತಂದೆ ಹೊಲದ ಪಹಣಿ ಕೈಗೆತ್ತಿಕೊಳ್ಳುವುದು. ಪ್ರತಿ ವರ್ಷ ಇಂಥ ತಿಂಗಳು ಅರ್ಜಿ, ಇಂಥ ತಿಂಗಳು ಓಟ, ಇಂಥ ತಿಂಗಳು ಪರೀಕ್ಷೆ ಅಂತ ಗೊತ್ತಿದ್ದರೆ, ಈ ಸಲ ಹೋದರೆ ಮುಂದಿನ ವರ್ಷ ಇದೆ ಅಂತ ಧೈರ್ಯ ಇರುತ್ತದೆ. ದಲ್ಲಾಳಿಯ ಮಾತಿಗೆ ಬೆಲೆ ಇರುವುದಿಲ್ಲ.

ಹೋದ ವಾರ ಬೆಳಿಗ್ಗೆ ಐದೂವರೆಗೆ ಕಲಬುರಗಿಯ ಕ್ರೀಡಾಂಗಣಕ್ಕೆ ಹೋಗಿದ್ದೆ. ಹತ್ತು ಹನ್ನೆರಡು ಹುಡುಗಿಯರು ಓಡುತ್ತಿದ್ದರು. ಒಬ್ಬಳ ಶೂ ಮುಂದೆ ಬಾಯಿ ಬಿಟ್ಟಿತ್ತು, ದಾರ ಸುತ್ತಿ ಕಟ್ಟಿದ್ದಳು. ಗೆಳತಿ ಮೊಬೈಲ್‌ನಲ್ಲಿ ಸಮಯ ನೋಡುತ್ತಿದ್ದಳು. 400 ಮೀಟರಿಗೆ 2 ನಿಮಿಷ ಮಿತಿ. ಅವಳು 1 ನಿಮಿಷ 52ಕ್ಕೆ ಮುಟ್ಟಿದಳು. 'ಪರೀಕ್ಷೆ ಯಾವಾಗಮ್ಮಾ?' ಅಂದೆ. 'ಗೊತ್ತಿಲ್ರೀ ಸರ, ಸುಮ್ನೆ ಓಡ್ಲಿಕತ್ತೀವಿ' ಅಂದಳು.

ನಿಮ್ಮ ಮಗಳಿಗೆ ಇನ್ನೂ ವಯಸ್ಸಿದೆ ಎಂದು ಬರೆದಿದ್ದೀರಿ. ಓಟ ಬಿಡಿಸಬೇಡಿ. ಮೊದಲ ಪತ್ರಿಕೆಯ ಪ್ರಬಂಧ, ಸಾರಾಂಶ ಬರಹ, ಅನುವಾದ ಸೇರಿ 50 ಅಂಕ ಇದೆ, ದಿನಾ ಒಂದು ಪುಟ ಬರೆಯಲು ಹೇಳಿ. ಬರೆದದ್ದನ್ನು ನಮಗೆ ಕಳಿಸಿದರೆ ನಾನೇ ತಿದ್ದಿ ಕೊಡುತ್ತೇನೆ. ಆ ಮನುಷ್ಯ ಮತ್ತೆ ಬಾಗಿಲಿಗೆ ಬಂದರೆ ಕೂರಿಸಿ ಚಹಾ ಕೊಡಬೇಡಿ, 112ಕ್ಕೆ ಫೋನ್ ಮಾಡಿ.

— ಸಂಪಾದಕ